ಅರ್ಧ ವಚನದ ಚೀಟಿ

"ಇದನ್ನ ವಾಪಸ್ ತಗೊಳ್ಳಿ ದೊಡ್ಡಮ್ಮ."

ಇಸಾಕ್ ಜೇಬಿನಿಂದ ಒಂದು ಹಳೆಯ ಚೀಟಿ ತೆಗೆದು ಟಪ್ಪೆಂದು ಮೇಜಿನ ಮೇಲಿಟ್ಟ. ಚರ್ಚಿನ ಅಡುಗೆಮನೆಯಲ್ಲಿ ಹಿಂದಿನ ದಿನ ಕಿಮ್ಚಿ ಉಪ್ಪಿನಕಾಯಿ ಹಾಕಿದ ಬೆಳ್ಳುಳ್ಳಿಯ ಘಾಟು ಇನ್ನೂ ಆರಿರಲಿಲ್ಲ. ಮೇಜಿನ ತುಂಬ ಬರುವ ವರ್ಷಕ್ಕೆಂದು ಕತ್ತರಿಸಿದ ಎರಡು ಬೆರಳಗಲದ ಖಾಲಿ ಚೀಟಿಗಳು. ಅವುಗಳ ನಡುವೆ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಕೂತಿದ್ದವರು ಮಾ ಮನೆತನದ ಓಕ್‌ಬುನ್, ಬಂದರಿನಲ್ಲಿ ಒಣಮೀನಿನ ಅಂಗಡಿ ಇಟ್ಟವರು. ಚರ್ಚಿನ ಮಕ್ಕಳಿಗೆಲ್ಲ ಮಾ ದೊಡ್ಡಮ್ಮ.

"ಮೊದಲು ಬಾಗಿಲು ಮುಚ್ಚೋ. ಸಮುದ್ರದ ಗಾಳಿ ಅಷ್ಟೂ ನನ್ನ ಮಂಡಿಗೇ ಬರ್ತಿದೆ," ಎಂದರು ಅವರು. ಆಮೇಲೆ ಚೀಟಿ ನೋಡಿದರು. "ಬುಟ್ಟಿಯಿಂದ ತೆಗೆದದ್ದನ್ನ ವಾಪಸ್ ತಗೊಳ್ಳಲ್ಲ. ಇದೇನು ಮೀನಂಗಡಿ ಅನ್ಕೊಂಡ್ಯಾ?"

"ಮೀನಂಗಡೀಲಿ ನೀವು ಕೆಟ್ಟಿದ್ದನ್ನ ಬದಲಾಯಿಸಿ ಕೊಡ್ತೀರಿ."

ಮುಖೋ ಬಂದರಿನ ಆ ಚರ್ಚಿನಲ್ಲಿ ಹೊಸ ವರ್ಷದ ಮೊದಲ ಭಾನುವಾರ ಎಲ್ಲರೂ ಸಾಲಾಗಿ ಬಂದು, ಕಣ್ಣು ಮುಚ್ಚಿ, ಬಿದಿರಿನ ಬುಟ್ಟಿಗೆ ಕೈ ಹಾಕಿ ವೇದಪುಸ್ತಕದ ಒಂದು ವಚನ ಬರೆದ ಚೀಟಿ ಎತ್ತುತ್ತಿದ್ದರು. ಆ ವರ್ಷಕ್ಕೆ ಅವರ ಪಾಲಿಗೆ ದೇವರ ಮಾತು ಅದು. ಕೆಲವರು ಫ್ರಿಜ್ಜಿಗೆ ಅಂಟಿಸುತ್ತಿದ್ದರು, ಕೆಲವರು ದೋಣಿಯ ಚುಕ್ಕಾಣಿಯ ಪಕ್ಕ. ಮನಸ್ಸು ಬಯಸಿದ್ದನ್ನು ದೇವರು ಕೊಡುತ್ತಾನೆ ಎಂಬ ಅರ್ಥದ ಚೀಟಿ ಈ ವರ್ಷ ಇಸಾಕ್‌ಗೆ ಬಂದಿತ್ತು. ಅವನ ಮನಸ್ಸು ಬಯಸಿದ್ದು ಇಡೀ ಚರ್ಚಿಗೇ ಗೊತ್ತಿತ್ತು: ಬುಸಾನಿನ ಹಡಗು ಶಾಲೆ. ಎಂಟನೇ ವಯಸ್ಸಿನಿಂದ ಅವನಿಗೆ ಬೇರೆ ಜಪವಿರಲಿಲ್ಲ.

ಅಂಕ ಸಾಕಷ್ಟು ಬಂದವು, ಸಂದರ್ಶನವೂ ಚೆನ್ನಾಗಿ ಆಯಿತು. ಕೊನೆಗೆ ಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ಮುಂದಿಟ್ಟು, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. ಇಸಾಕ್‌ಗೆ ಚುಕ್ಕಿಗಳು ಬಿಟ್ಟರೆ ಏನೂ ಕಾಣಲಿಲ್ಲ. ಹಾಳೆ ತಿರುವಿದರು. ಅಲ್ಲೂ ಚುಕ್ಕಿಗಳೇ. ಬಂದರಿನ ಕೆಂಪು ದೀಪ, ಹಸಿರು ದೀಪ ಅವನಿಗೆ ಇಷ್ಟು ದಿನ ಗೊತ್ತಾಗುತ್ತಿದ್ದದ್ದು ಅವು ಇದ್ದ ಜಾಗದಿಂದ, ಬಣ್ಣದಿಂದಲ್ಲ. ಅದು ಅವನಿಗೂ ಅವತ್ತೇ ಗೊತ್ತಾದದ್ದು. ಬಣ್ಣ ಗುರುತಿಸಲಾಗದವನಿಗೆ ಶಾಲೆಯಲ್ಲಿ ಜಾಗವಿಲ್ಲ ಎಂದು ವಾಪಸ್ ಕಳಿಸಿದರು.

"ಪಾಸ್ಟರನ್ನ ಕೇಳ್ದೆ. ದೇವರಿಗೆ ಬೇರೆ ಯೋಜನೆ ಇದೆ ಅಂದ್ರು. ಯಾವುದು ಅಂದ್ರೆ ಪ್ರಾರ್ಥನೆ ಮಾಡೋಣ ಅಂದ್ರು. ಅಮ್ಮನ್ನ ಕೇಳ್ದೆ. ಈ ಕಣ್ಣು ನನ್ನ ಕಡೆಯಿಂದಲೇ ಬಂದಿದ್ದು ಅಂತ ಅಳೋಕೆ ಶುರು ಮಾಡಿದ್ಳು. ಇನ್ನು ಅವಳನ್ನ ಏನೂ ಕೇಳೋಹಾಗಿಲ್ಲ."

"ಇಸಾಕ್ ಅಂತ ಹೆಸರಿಡುವಾಗಲೇ ನಿಮ್ಮಪ್ಪ ಯೋಚಿಸಬೇಕಿತ್ತು. ವೇದಪುಸ್ತಕದ ಆ ಹಳೇ ಇಸಾಕನಿಗೂ ಕಣ್ಣೇ ತೊಂದರೆ."

ಇಸಾಕ್‌ಗೆ ನಗು ಬರಲಿಲ್ಲ. ಬಂದರೂ ತೋರಿಸುವ ಮನಸ್ಸಿರಲಿಲ್ಲ.

"ಆಸೆ ಹುಟ್ಟಿಸಿದ್ದೂ ಅವನೇ, ಕಣ್ಣು ಮಾಡಿದ್ದೂ ಅವನೇ, ಚೀಟಿ ಕೊಟ್ಟಿದ್ದೂ ಅವನೇ. ಮೂರನ್ನೂ ಒಬ್ಬನೇ ಮಾಡಿದ್ರೆ ಒಂದಕ್ಕೊಂದು ಯಾಕೆ ಕೂಡ್ತಿಲ್ಲ? ನಂಗೆ ಅಷ್ಟು ಗೊತ್ತಾದ್ರೆ ಸಾಕು."

"ಚೀಟಿ ಅವನು ಕೊಟ್ಟಿದ್ದಲ್ಲ ಕಣೋ. ಬರೆದಿದ್ದು ನಾನು."

"ವಚನ ಆರಿಸೋರು?"

"ಅದೂ ನಾನೇ."

ಇಸಾಕ್ ಕುರ್ಚಿ ಎಳೆದುಕೊಂಡು ಕೂತ. ಬಂದಾಗ ಇದ್ದ ಸಿಟ್ಟಿನ ಪಕ್ಕದಲ್ಲಿ ಈಗ ಕುತೂಹಲವೂ ಬಂದು ಕೂತಿತ್ತು. ಇಷ್ಟು ವರ್ಷ ಅವನು ಬುಟ್ಟಿಯನ್ನು ನೋಡಿದ್ದ; ಬುಟ್ಟಿಯ ಹಿಂದಿನ ಕೈ ಯಾರದೆಂದು ಕೇಳಿರಲಿಲ್ಲ. ದೊಡ್ಡಮ್ಮನ ನೋಟುಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡ. ಉದ್ದುದ್ದ ವಚನಗಳು, ಅವುಗಳ ಮೇಲೆ ಪೆನ್ಸಿಲಿನ ಅಡ್ಡಗೆರೆಗಳು. ತನ್ನ ವಚನವನ್ನು ಹುಡುಕಿ ತೆಗೆದ. ಅದಕ್ಕೂ ಅರ್ಧಕ್ಕೆ ಗೆರೆ ಬಿದ್ದಿತ್ತು. ಮೊದಲು ದೇವರಲ್ಲೇ ಸಂತೋಷ ಕಂಡುಕೋ ಎಂಬ ಮಾತು ಗೆರೆಯ ಆಚೆ ಉಳಿದುಬಿಟ್ಟಿತ್ತು.

"ಇದರ ಅರ್ಧ ಎಲ್ಲಿ ಹೋಯ್ತು ದೊಡ್ಡಮ್ಮ?"

"ಚೀಟೀಲಿ ಜಾಗ ಎಲ್ಲಿದೆ? ಪೂರ್ತಿ ಬರೆದ್ರೆ ಅಜ್ಜಿಯಂದಿರಿಗೆ ಅಕ್ಷರ ಕಾಣಲ್ಲ."

"ಅಂದ್ರೆ ನಾನು ವರ್ಷ ಪೂರ್ತಿ ಅರ್ಧ ವಚನ ನಂಬ್ಕೊಂಡು ಓಡಾಡಿದ್ನಾ?"

ದೊಡ್ಡಮ್ಮನ ಮುಖ ಬಾಡಿತು. ಇಸಾಕ್ ಆ ಸಾಲನ್ನು ಇನ್ನೆರಡು ಸಲ ಓದಿದ. "ಪೂರ್ತಿ ಓದಿದ್ರೂ ಇದರಲ್ಲಿ ಹಡಗಿನ ಮಾತಿಲ್ಲ. ಹಡಗು ಸೇರಿಸಿದ್ದು ನಾನೇ," ಎಂದ. "ಆದ್ರೂ ನಂಗೆ ಸಿಟ್ಟು ಹೋಗ್ಲಿಲ್ಲ."

"ಹೋಗಬೇಕು ಅಂತ ಯಾರು ಹೇಳಿದ್ರು?"

ಅವನು ಹಾಳೆ ತಿರುವುತ್ತಾ ಹೋದ. "ಎಲ್ಲಾ ಸಿಹೀನೇ ಇದೆ. ವೇದಪುಸ್ತಕದಲ್ಲಿ ಅಳೋರು, ಬೈಯೋರು ಅಷ್ಟು ಜನ ಇದ್ದಾರಲ್ಲ, ಅವರೆಲ್ಲ ಎಲ್ಲಿ?"

ಮಾ ದೊಡ್ಡಮ್ಮ ಪೆನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ರೇಗುವ ಹಾಗೆ ಕಂಡರು. ಆಮೇಲೆ ನೋಟುಪುಸ್ತಕದ ರಟ್ಟಿನೊಳಗಿಂದ ಒಂದು ಹಳದಿ ಚೀಟಿ ಎಳೆದು ಅವನ ಮುಂದೆ ತಳ್ಳಿದರು. ಅದಕ್ಕೆ ಒಣಮೀನಿನ ವಾಸನೆ ಹತ್ತಿತ್ತು. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು ಯಾರೋ ದೇವರ ಜೊತೆ ಜಗಳ ತೆಗೆದಿದ್ದ ವಚನ.

"ಮುಂಚೆ ನಮ್ಮ ಸಭೆಯ ಪ್ಯೊ ಹಿರಿಯರು ಚೀಟಿ ಬರೀತಿದ್ರು. ಒಂದು ವರ್ಷ ನಂಗೆ ಮನೆ ತುಂಬ ಮಕ್ಕಳು ಅನ್ನೋ ವಚನ ಬಂತು. ಕುಣಿದಾಡಿಬಿಟ್ಟೆ. ಮಗು ಆಗ್ಲಿಲ್ಲ. ಚೀಟೀನ ಒಲೆಗೆ ಹಾಕ್ದೆ. ಮುಂದಿನ ವರ್ಷ ಗಂಡನ ಬಲವಂತಕ್ಕೆ ಕೈ ಹಾಕಿದ್ರೆ ಇದು ಬಂತು. ಇಷ್ಟು ಜೋರಾಗಿ ರೇಗಿದವನ ಮಾತನ್ನೂ ಯಾರೂ ಹರಿದು ಹಾಕದೆ ವೇದಪುಸ್ತಕದ ಒಳಗೇ ಇಟ್ಟಿದ್ದಾರಲ್ಲ ಅಂತ ಆಶ್ಚರ್ಯ ಆಯ್ತು ಕಣೋ. ಬೈಯೋಕಾದ್ರೂ ಎದುರಿಗೆ ಒಬ್ಬ ಇರಬೇಕಲ್ವಾ?"

"ಆಮೇಲೆ ಯಾಕೆ ಅಂತ ಗೊತ್ತಾಯ್ತಾ?"

"ಇಲ್ಲ."

"ಒಂಚೂರೂ?"

"ಇಲ್ಲ ಅಂದ್ನಲ್ಲೋ! ಇಪ್ಪತ್ತೆಂಟು ವರ್ಷ ಆಯ್ತು. ದೇವರು ಉತ್ತರ ಕೊಟ್ಟಿಲ್ಲ. ಎದ್ದೂ ಹೋಗಿಲ್ಲ. ನಾನು ಅಂಗಡೀಲಿ ಒಬ್ಬಳೇ ಕೂತು ಕಿರುಚಿದ ದಿನಾನೂ ಪಕ್ಕದಲ್ಲೇ ಇದ್ದ. ಅದು ಹೇಗೆ ಗೊತ್ತು ಅಂತ ಕೇಳಬೇಡ, ಹೇಳೋಕೆ ಬರಲ್ಲ. ನಂಗೆ ಗೊತ್ತು, ಅಷ್ಟೇ."

"ಮತ್ತೆ ನೀವ್ಯಾಕೆ ಸಿಹಿ ಮಾತ್ರ ಬರೀತೀರಿ?"

ಈ ಪ್ರಶ್ನೆಗೆ ದೊಡ್ಡಮ್ಮ ಕಿಟಕಿಯತ್ತ ನೋಡಿದರು. "ಹೆದರಿಕೆಗೆ. ಕಹಿ ಬಂದವರು ಮುಖ ಸಿಂಡರಿಸ್ತಾರೆ. ನಂಗೆ ಅನ್ನ ಹಾಕಿದ ಈ ಕಹಿ ಚೀಟೀನ ನಾನೇ ಮುಚ್ಚಿಟ್ಟುಕೊಂಡೆ. ನಿನ್ನಂಥವನಿಗೆ ಬೇಕಾಗಿದ್ದು ಅದೇ." ಖಾಲಿ ಚೀಟಿಗಳ ಒಂದು ಕಟ್ಟನ್ನು ಅವನತ್ತ ಎಸೆದರು. "ಈ ಸಲ ಅರ್ಧ ನೀನು ಬರಿ. ಅಳೋರನ್ನ ನೀನೇ ಹುಡುಕು."

"ಸಿಹೀದನ್ನ ತೆಗೆದುಬಿಡೋದಾ?"

"ಮುಟ್ಟಿದ್ರೆ ಕೈ ಮುರೀತೀನಿ. ಅವೂ ನಿಜಾನೇ. ಎರಡನ್ನೂ ಒಂದೇ ಬುಟ್ಟಿಗೆ ಹಾಕು. ಚೀಟಿ ದೊಡ್ಡದಾಗಿ ಕತ್ತರಿಸಿಕೋ, ಪೂರ್ತಿ ಬರಿ."

ಸಂಜೆಯವರೆಗೆ ಇಬ್ಬರೂ ಬರೆದರು. ಇಸಾಕ್ ವೇದಪುಸ್ತಕವನ್ನು ಇಷ್ಟು ಆಸೆಯಿಂದ ಯಾವತ್ತೂ ತಡಕಿರಲಿಲ್ಲ. ಇಗೋ ಇಲ್ಲೊಬ್ಬ ಹುಟ್ಟಿದ ದಿನಕ್ಕೇ ಶಾಪ ಹಾಕ್ತಿದ್ದಾನೆ, ಇಲ್ಲೊಬ್ಬ ಸಾಕು ಸಾಯಿಸು ಅಂತಾನೆ, ದೇವರು ಅವನಿಗೆ ರೊಟ್ಟಿ ಕಳಿಸ್ತಾನೆ ಎಂದು ಓದಿ ಓದಿ ಹೇಳಿದ. ಹದಿನೇಳು ಚೀಟಿಗಳಾದವು.

ಹೊರಡುವಾಗ ಬಾಗಿಲ ಬಳಿ ನಿಂತ. ಅಲ್ಲಿ ಐದು ಹೆಸರುಗಳ ಪಟ್ಟಿ ಅಂಟಿಸಿತ್ತು: ಕ್ರಿಸ್ಮಸ್ ದಿನ ಸಭೆಯ ಮುಂದೆ ಎದ್ದು ನಿಂತು, ನಾನು ದೇವರನ್ನು ನಂಬುತ್ತೇನೆ ಎಂದು ಸ್ವಂತ ಬಾಯಿಂದ ಹೇಳಬೇಕಾದ ಮಕ್ಕಳು. ನಾಲ್ಕನೆಯ ಹೆಸರನ್ನು ಹಿಂದಿನ ವಾರ ಇಸಾಕ್ ತಾನೇ ಕಪ್ಪು ಪೆನ್ನಿನಲ್ಲಿ ಹೊಡೆದು ಹಾಕಿದ್ದ. ಅದನ್ನು ನೋಡಿದವರೆಲ್ಲ ನೋಡದವರ ಹಾಗೆ ಇದ್ದರು.

ಈಗ ಅವನು ಪಟ್ಟಿಯ ಕೊನೆಯಲ್ಲಿ ತನ್ನ ಹೆಸರನ್ನು ಮತ್ತೆ ಬರೆದ. ಸ್ವಲ್ಪ ಯೋಚಿಸಿ ಅದರ ಮುಂದೊಂದು ಪ್ರಶ್ನೆ ಚಿಹ್ನೆ ಹಾಕಿದ.

ಮಾ ದೊಡ್ಡಮ್ಮ ಕನ್ನಡಕ ಮೇಲೇರಿಸಿ ನೋಡಿದರು. "ಇದೇನೋ ಇದು? ಪಾಸ್ಟರ್ ಕೇಳಿದ್ರೆ?"

"ಕೇಳ್ಲಿ. ನನಗೂ ಕೇಳೋದಿದೆ ಅಂತ ಎದ್ದು ನಿಂತೇ ಹೇಳ್ತೀನಿ."

"ನಿಂತ್ಕೊಳ್ತೀಯಲ್ಲ?"

"ನಿಂತ್ಕೊಳ್ತೀನಿ."

"ಹಾಗಾದ್ರೆ ಬಾಗಿಲು ಮುಚ್ಕೊಂಡು ಹೋಗು. ಗಾಳಿ!"