ಪೂಜೆಯ ಮರುದಿನದ ಮೋಟರು

ಮಾರ್ವೆ ಖಾಡಿಯ ಹಿನ್ನೀರಿನ ನಡುವೆ ದೋಣಿಯ ಮೋಟರು ಬಿಸಿಯೇರಿ ನಿಂತುಬಿಟ್ಟಿತು. ಸದಾನಂದ ಹುಟ್ಟು ಹಾಕುತ್ತ ದಡ ಮುಟ್ಟುವಷ್ಟರಲ್ಲಿ ಧನಿ ಚೆನ್ನಯ ತನ್ನ ಹೋಟೆಲಿನಿಂದ ಇಳಿದು ಬಂದಿದ್ದ. ಹಿಂದೆಯೇ ಚಾ ಗ್ಲಾಸು ಹಿಡಿದ ನಾಲ್ಕಾರು ಗಿರಾಕಿಗಳು.

"ಹೊಸ ಮೋಟರು ಸುಟ್ಟೆಯಲ್ಲ ಮಾರಾಯಾ! ನಿನ್ನ ಕೈಗೆ ಎಂಥ ಕೊಟ್ಟರೂ ಬೂದಿಯೇ," ಎಂದ ಚೆನ್ನಯ.

ಹೋಟೆಲಿನ ಹಿತ್ತಲಲ್ಲಿ ಅಕ್ಕಿ ರುಬ್ಬುತ್ತಿದ್ದ ಸದಾನಂದನ ಹೆಂಡತಿ ಸೇವಂತಿ ಕೈ ತೊಳೆಯದೆ ಓಡಿಬಂದಳು. ತುಂಬಿದ ಬಸುರಿ. ಗಂಡನ ಕೆಲಸ ಹೋದರೆ ಹೋಟೆಲಿನ ಹಿಂದೆ ಅವರಿದ್ದ ಖೋಲಿಯೂ ಹೋದಂತೆಯೇ. ಅವಳು ಗಂಡನ ಕೈಯನ್ನೇ ನೋಡುತ್ತ ನಿಂತಳು.

ಸದಾನಂದ ಮೋಟರನ್ನು ಮೇಲೆತ್ತಿ, ನೀರು ಹೀರುವ ಜಾಲರಿಯನ್ನು ತಂತಿಯಿಂದ ಕೆದಕಿದ. ಪಾಚಿಯಿಲ್ಲ, ಮರಳಿಲ್ಲ. ಮತ್ತೆ ಉಳಿದದ್ದು ಒಳಗಿನ ಪಂಪು. ಕೆಳಭಾಗ ಬಿಚ್ಚಿದ. ಮೋಟರು ತಣಿಸಲು ನೀರೆತ್ತುವ ರಬ್ಬರು ಚಕ್ರದ ರೆಕ್ಕೆಗಳೆಲ್ಲ ಸುಟ್ಟು, ಕರಿಪುಡಿಯಾಗಿ ಅಂಗೈಗೆ ಉದುರಿದವು.

ಸೇವಂತಿಗೆ ಹಿಂದಿನ ದಿನದ ಆಯುಧಪೂಜೆ ಕಣ್ಣಿಗೆ ಕಟ್ಟಿತು. ಮೋಟರನ್ನು ಹೋಟೆಲಿನೆದುರು ಮರದ ಸ್ಟ್ಯಾಂಡಿಗೆ ಬಿಗಿದು, ಕುಂಕುಮ ಹಚ್ಚಿ, ಬಂದವರೆಲ್ಲ ಸದ್ದು ಕೇಳಲೆಂದು ಆರತಿ ಮುಗಿಯುವತನಕ ಚೆನ್ನಯ ಅದನ್ನು ಓಡಿಸಿದ್ದ. "ನೀರಿಲ್ಲದೆ ಓಡಿಸಿದರೆ ಪಂಪು ಸುಡುತ್ತದೆ ಧನಿ, ನೀರಿನ ಡ್ರಮ್ಮಿನಲ್ಲಿ ಇಳಿಸುವ" ಎಂದ ಸದಾನಂದನಿಗೆ, "ಪೂಜೆಗೆ ಕೂತ ಲಕ್ಷ್ಮಿಯನ್ನು ಎಂಜಲು ತೊಳೆಯುವ ಡ್ರಮ್ಮಿಗೆ ಅದ್ದುವುದಾ?" ಎಂದು ಗದರಿದ್ದ.

"ಧನಿಗಳೇ, ನಿನ್ನೆ ನೀವೇ ನೀರಿಲ್ಲದೆ ಓಡಿಸಿದ್ದಲ್ವಾ..." ಸೇವಂತಿಯ ಬಾಯಿಂದ ಜಾರಿತು.

ಗಿರಾಕಿಗಳು ಚಾ ಹೀರುವುದನ್ನು ನಿಲ್ಲಿಸಿದರು. ಚೆನ್ನಯ ನಕ್ಕ.

"ಹೌದಾ ಸದಾ? ನಿಜವಾದರೆ ಹೇಳು, ಹೆದರಬೇಡ. ಮಲಾಡ್ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಬಾಣಂತನಕ್ಕೆ ಬೇಕಾದಷ್ಟು ಜಾಗ ಉಂಟು."

ಸದಾನಂದ ಅಂಗೈಯ ಪುಡಿಯನ್ನು ಖಾಡಿಗೆ ಕೊಡವಿದ. ಎದ್ದುಬಂದು ಹೆಂಡತಿಯ ಕೆನ್ನೆಗೆ ಬಾರಿಸಿದ.

"ಖಾಲಿಪೀಲಿ ಸುಳ್ಳು ಬೊಗಳಬೇಡ! ಇವತ್ತು ನಾನೇ ಕೆಸರಿನಲ್ಲಿ ಓಡಿಸಿದ್ದು ಧನಿ. ತಪ್ಪು ನನ್ನದು."

"ನೀನು ಪಾಪದವ. ನಿನ್ನ ಮೇಲೆ ಎಂಥ ಸಿಟ್ಟೂ ಇಲ್ಲ ನನಗೆ," ಎಂದ ಚೆನ್ನಯ. "ಸುಳ್ಳು ಹೇಳಿದ್ದು ಇವಳು. ಇವಳ ಬಾಯಿಂದಲೇ ಬರಲಿ."

ಸೇವಂತಿ ಗಂಡನ ಕಡೆ ನೋಡಿದಳು. ಅವನು ಆಗಲೇ ಕುಕ್ಕರುಗಾಲಲ್ಲಿ ಕೂತು ನಟ್ಟುಗಳನ್ನು ಹೆಕ್ಕುತ್ತಿದ್ದ.

"ನಾನು ಸುಳ್ಳು ಹೇಳಿದೆ."

"ಗಟ್ಟಿಯಾಗಿ ಹೇಳು ಮಾರಾಯ್ತಿ, ಹಿಂದೆ ನಿಂತವರಿಗೆ ಕೇಳಲಿಲ್ಲ."

ಅವಳು ಗಟ್ಟಿಯಾಗಿ ಹೇಳಿದಳು. ಯಾರೋ ಕಿಸಕ್ಕನೆ ನಕ್ಕರು.

"ಆಯಿತಲ್ಲ, ಹೋಗಿ ರುಬ್ಬು," ಎಂದ ಸದಾನಂದ, ತಲೆಯೆತ್ತದೆ. "ನಾಳೆಯ ದೋಸೆಗೆ ಹಿಟ್ಟಿಲ್ಲ."