ಎಡಗಾಲಿಯ ಕೆಳಗಿನ ಹಲಗೆ

ಊರೂರು ತಿರುಗಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಪೇಂಟರ್ ಜೀವಮಾನದಲ್ಲಿ ಸ್ಕೇಲು ಮುಟ್ಟಿದವನಲ್ಲ. ಅವನ ಕಣ್ಣೇ ಅಳತೆ. ಆ ಕಣ್ಣಿನ ಬಗ್ಗೆ ಅವನಿಗೆ ಎಷ್ಟು ಜಂಬವೋ, ಹೆಂಡತಿಗೆ ಅದಕ್ಕಿಂತ ಒಂದು ಕೈ ಹೆಚ್ಚೇ ಇತ್ತು. ಮನೆ ಅಂತ ಇಬ್ಬರಿಗೂ ಇದ್ದದ್ದು ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಒಂದೇ. ಹೊಸ ಜಾಗದಲ್ಲಿ ನಿಲ್ಲಿಸಿದಾಗಲೆಲ್ಲ ಅವನು ಒಳಗೆ ನಿಂತು, ಒಂದು ಕಣ್ಣು ಮುಚ್ಚಿ, ಯಾವ ಗಾಲಿಯ ಕೆಳಗೆ ಹಲಗೆ ಇಡಬೇಕೆಂದು ಹೇಳುತ್ತಿದ್ದ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜು ವಾಲಿ ನಿಂತರೆ ತಣ್ಣಗಾಗುವ ಬದಲು ಒಳಗೊಳಗೇ ಕಾದು ಕೆಡುತ್ತದೆ. ಹದಿನೈದು ವರ್ಷ ಅವರ ಫ್ರಿಜ್ಜಿಗೆ ನೆಗಡಿಯೂ ಬಂದಿರಲಿಲ್ಲ.

ಅವನಿಗೆ ಲಕ್ವ ಹೊಡೆದು ಎಡಮೈ ಬಿದ್ದುಹೋದ ಮೇಲೆ ಕಾರು, ಸಿಲಿಂಡರ್, ಅವನ ಸ್ನಾನ ಎಲ್ಲವೂ ಅವಳ ತಲೆಗೇ ಬಂತು. ಹಲಗೆಯ ವಿಚಾರವೊಂದು ಮಾತ್ರ ಅವನದಾಗಿ ಉಳಿಯಿತು.

ಆಸ್ಪತ್ರೆಯಿಂದ ಬಂದ ದಿನವೇ ಮಂಚದ ಅಂಚಿನಲ್ಲಿ ಕೂತು ಹೇಳಿದ: "ಎಡಕ್ಕೆ ವಾಲ್ತಿದೆ ಕಣೇ. ಎರಡು ಹಲಗೆ ಕೊಡು."

ಅವಳಿಗೆ ಹಾಗನ್ನಿಸಲಿಲ್ಲ. ಫ್ರಿಜ್ಜಿನ ಜೊತೆಗೇ ಬಂದಿದ್ದ, ಮಟ್ಟ ತೋರಿಸುವ ರಸಮಟ್ಟವನ್ನು ಅವನಿಗೆ ಕಾಣದಂತೆ ಫ್ರಿಜ್ಜಿನೊಳಗೆ ಇಟ್ಟು ನೋಡಿದಳು. ಅದರ ಗಾಜಿನ ನಳಿಕೆಯ ಗುಳ್ಳೆ ನಟ್ಟನಡುವೆ ನಿಂತಿತ್ತು. ಕೈಕಾಲು ಹೋದದ್ದನ್ನು ಹೇಗೋ ನುಂಗಿಕೊಂಡವನಿಗೆ ಕಣ್ಣಿನ ಅಳತೆಯೂ ಹೋಯಿತೆಂದು ಯಾವ ಬಾಯಲ್ಲಿ ಹೇಳುವುದು? ಎಡಗಾಲಿಯ ಕೆಳಗೆ ಎರಡೂ ಹಲಗೆ ಇಟ್ಟಳು.

"ಈಗ ನೋಡು!" ಎಂದು ಅವನು ನಕ್ಕ. ಎಷ್ಟೋ ದಿನದ ಮೇಲೆ ಕಂಡ ನಗು. ಅದಕ್ಕಾಗಿ ಅವಳು ಒಂದೂವರೆ ತಿಂಗಳು ಇಳಿಜಾರಿನಲ್ಲೇ ಅಡುಗೆ ಮಾಡಿದಳು. ಈರುಳ್ಳಿ ಉರುಳಿ ಬಿದ್ದರೆ ತನ್ನ ಕೈಯನ್ನೇ ಬೈದುಕೊಂಡಳು.

ಒಂದು ಬೆಳಿಗ್ಗೆ ಹಾಲು ಒಡೆದಿತ್ತು, ಫ್ರಿಜ್ಜಿನಿಂದ ಮೂಗು ಸೀಳುವ ಘಾಟು. ಅವಳು ಗ್ಯಾಸ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ಗಂಡನನ್ನು ಹೆಗಲಿಗೆ ಆನಿಸಿಕೊಂಡು ಹೊರಗೆ ತಂದು ಬಾಗಿಲೆದುರು ದೂರದಲ್ಲಿ ಕೂರಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

ಘಾಟು ಇಳಿದ ಮೇಲೆ ಒಳಹೊಕ್ಕ ಮೆಕ್ಯಾನಿಕ್ ಹೇಳಿದ: "ಯೂನಿಟ್ ಸುಟ್ಟು ಅಮೋನಿಯಾ ಸೋರಿದೆ. ನೀವು ಒಳಗೇ ಇದ್ದಿದ್ರೆ ಕಷ್ಟ ಇತ್ತು." ಬಾಗಿಲ ಹತ್ತಿರ ನೆಲದ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಓಡಿಹೋಗಿ ಎತ್ತರವಾಗಿದ್ದ ಎಡತುದಿಗೆ ಅಂಟಿತು. "ಯಾರಮ್ಮ ಹೀಗೆ ನಿಲ್ಸಿದ್ದು? ಕಣ್ಣಿಲ್ದವ್ರೂ ಹೀಗೆ ನಿಲ್ಸಲ್ಲ."

"ನಾನೇ," ಎಂದಳು ಥಟ್ಟನೆ. "ನಂಗೆಲ್ಲಿ ಗೊತ್ತಾಗುತ್ತೆ ಇದೆಲ್ಲ."

"ನನ್ನನ್ನ ಹತ್ರ ಕರ್ಕೊಂಡು ಹೋಗು," ಎಂದ ಗಂಡ. ಬಾಗಿಲಿಗೆ ಒರಗಿ ನಿಂತು ಆ ಗುಳ್ಳೆಯನ್ನೇ ಬಹಳ ಹೊತ್ತು ನೋಡಿದ.

"ನೀನು ಮೊದಲ್ನೇ ದಿನವೇ ನೋಡಿದ್ದೆ, ಅಲ್ವಾ?"

ಅವಳು ಒದ್ದೆಯಿಲ್ಲದ ಕೈಗಳನ್ನು ಒರೆಸಿಕೊಂಡಳು.

"ಹಲಗೆ ತೆಗಿ," ಎಂದ.

ಕಾರನ್ನು ಒಂದು ಮೊಳ ಮುಂದಕ್ಕೆ ತಂದು ಅವಳು ಹಲಗೆ ತೆಗೆದಳು. ಗುಳ್ಳೆ ನಡುವಿಗೆ ಬಂತು. ಮೆಕ್ಯಾನಿಕ್ ಹೊಸ ಯೂನಿಟ್ ಕೂರಿಸಿ, ಸೋರಿಕೆ ಇಲ್ಲವೆಂದು ಎರಡೆರಡು ಸಲ ನೋಡಿ ಹೊರಟುಹೋದ.

ಸಂಜೆ ಗಂಡನನ್ನು ಮಂಚದ ಅಂಚಿನಲ್ಲಿ ಕೂರಿಸಿದಳು. ನೆಲ ಮಟ್ಟವಾಗಿತ್ತು, ಅವನಿಗೆ ಮಾತ್ರ ಇಡೀ ಮನೆ ಎಡಕ್ಕೆ ಬೀಳುತ್ತಿತ್ತು. ಬಲಗೈಯಿಂದ ಮಂಚದ ಕಂಬಿಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದು ಹೇಳಿದ: "ಈಗ ಸರಿಯಾಗಿದೆ ಕಣೇ."

ಅವಳು ಅವನ ಎಡಕ್ಕೆ ಬಂದು, ಭುಜಕ್ಕೆ ಭುಜ ಒತ್ತಿ ಕೂತಳು.