ಅವ್ವ ಗುಡ್ಡ ಹತ್ತಿದ ದಿನ

ಎಲ್ಲೆಲ್ಲಿಂದಲೋ ಜನ ಮಸ್ಕಿಗೆ ಅಶೋಕನ ಶಾಸನ ನೋಡಲು ಬರುತ್ತಾರೆ. ನಮ್ಮವ್ವ ಕರೆಮ್ಮ ಹುಟ್ಟಿದ್ದು ಮಸ್ಕಿಯಲ್ಲಿ, ಲಗ್ನವಾಗಿದ್ದು ಮಸ್ಕಿಯಲ್ಲಿ, ಅದನ್ನು ಒಮ್ಮೆಯೂ ನೋಡಿರಲಿಲ್ಲ. ಆದರೂ ದಾರಿ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಮ್ಮ ಖಾನಾವಳಿ ಗುಡ್ಡದ ಕಡೆ ಹೊರಳುವ ರಸ್ತೆಯ ಬಾಯಲ್ಲೇ ಇದೆ. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದವರು ಉಂಡು ಕೈ ತೊಳೆಯುತ್ತ ಕೇಳಿದರೆ, ಒಲೆಯ ಮುಂದಿನಿಂದ ಏಳದೆಯೇ, "ಹಿಂಗ ಸೀದಾ ಹೋಗ್ರಿ, ಬೇವಿನ ಗಿಡ ಬರತೈತಿ, ಅಲ್ಲಿ ಹೊಳ್ರಿ" ಎನ್ನುತ್ತಿದ್ದಳು. ಬೇವಿನ ಗಿಡದ ಆಚೆ ಏನಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅಲ್ಲಿಂದ ಮುಂದಿನದನ್ನು ಬಂದವರೇ ಹುಡುಕಿಕೊಳ್ಳುತ್ತಿದ್ದರು.

ಅವಳನ್ನು ಯಾರೂ ಕಟ್ಟಿಹಾಕಿರಲಿಲ್ಲ. ರೊಟ್ಟಿ ಕಟ್ಟಿಹಾಕಿತ್ತು. ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದಿದ ಮೇಲೆ ನಡುವೆ ಎದ್ದು ಹೋಗುವ ಹಾಗಿಲ್ಲ, ಹಿಟ್ಟು ಆರಿದರೆ ರೊಟ್ಟಿಯ ಅಂಚು ಸೀಳುತ್ತದೆ. ಬೆಳಗಿನ ಹಿಟ್ಟು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಗಿರಾಕಿ ಬಂದು ಕೂತಿರುತ್ತಿದ್ದರು. ಲಗ್ನವಾದ ಹೊಸದರಲ್ಲಿ ಅಪ್ಪ ಮುದಗಲ್ ಕೋಟೆ ತೋರಿಸುತ್ತೇನೆ ಎಂದಿದ್ದನಂತೆ. ಲಿಂಗಸುಗೂರಿಗೆ ಹೋದರೆ ಮುದಗಲ್ ಬಸ್ಸಿಗೇನು ಬರವೇ? ಬಸ್ಸು ಇದೆ, ಕೋಟೆ ಇದೆ, ಅಪ್ಪನೂ ಇದ್ದಾನೆ. ಹೋಗಿದ್ದು ಮಾತ್ರ ಇಲ್ಲ. ಕೇಳಿದರೆ ಅಪ್ಪ, "ಕೋಟೆ ಎಲ್ಲಿ ಓಡಿ ಹೊಕ್ಕೈತಿ?" ಎನ್ನುತ್ತಿದ್ದ.

ನನ್ನ ಅಪ್ಪ ಬಾಲಪ್ಪ ಅವ್ವನಿಗೆ ಸೋದರಮಾವ, ಅಂದರೆ ನನ್ನ ಅಜ್ಜಿ ಆದಮ್ಮನ ಖಾಸಾ ತಮ್ಮ. ಅಜ್ಜಿ ಮಗಳನ್ನು ತಮ್ಮನಿಗೇ ಕೊಟ್ಟಳು. ತವರುಮನೆಗೂ ಗಂಡನ ಮನೆಗೂ ನಡುವೆ ಒಂದು ಗೋಡೆ, ಒಂದು ತಿಪ್ಪೆ. ಮದುವೆಯ ದಿನ ಅವ್ವನನ್ನು ಗಂಡನ ಮನೆಗೆ ಕಳಿಸುವಾಗ ಅಳಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲವಂತೆ. ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ನಗುನಗುತ್ತ ಹೇಳುತ್ತಾರೆ. ನನಗೆ ಮೈ ಉರಿಯುತ್ತದೆ.

ಯಾಕೆಂದರೆ ಈಗ ಸರದಿ ನನ್ನದು. ಅವ್ವನ ತಮ್ಮ ಸಿದ್ದರಾಮ ಮಾವನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷೀನು ತೆಗೆದುಕೊಂಡು ದಢೇಸುಗೂರು, ವಳಕಮದಿನ್ನಿ ಕಡೆ ಹೋಗುತ್ತಾನೆ. ಬರುವಾಗ ಸಿಂಧನೂರಿನಿಂದ ನನಗೆ ಏನಾದರೂ ತರುತ್ತಾನೆ. ಚಿಕ್ಕವಳಿದ್ದಾಗ ನನ್ನ ಮೂಗು ಒರೆಸಿ, ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನು ಅವನು. ಆ ಮುಖದಲ್ಲಿ ಗಂಡನನ್ನು ಹೇಗೆ ನೋಡುವುದು? ಡಿಗ್ರಿ ಮುಗಿಸಿದ್ದೆ, ರಾಯಚೂರಿಗೆ ಬಿ.ಎಡ್.ಗೆ ಹೋಗಬೇಕೆಂದಿದ್ದೆ. ಅಪ್ಪನ ಮುಂದೆ ನಿಂತು "ನನಗ ಈ ಲಗ್ನ ಬ್ಯಾಡ" ಎಂದೆ. ಅಪ್ಪ ಮೊಬೈಲಿನಿಂದ ತಲೆ ಎತ್ತದೆ, "ನಿನ್ನನ್ಯಾರು ಕೇಳ್ಯಾರ?" ಎಂದ.

ಅದೂ ನಿಜವೇ. ನಮ್ಮ ಮನೆತನದಲ್ಲಿ ಹುಡುಗಿಯನ್ನು ಕೇಳುವುದಿಲ್ಲ. ಹುಡುಗಿಯ ತಾಯಿಗೆ ಉಡಿ ತುಂಬುತ್ತಾರೆ. ಗಂಡಿನ ಕಡೆಯ ಹಿರಿಯಳು ಬಂದು ತಾಯಿಯ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಸಿನದ ಬೇರು, ಕುಪ್ಪಸದ ಖಣ ಹಾಕುತ್ತಾಳೆ. ತಾಯಿ ಉಡಿಯೊಡ್ಡಿ ಹಿಡಿದಳೋ, ಮಗಳನ್ನು ಕೊಟ್ಟ ಹಾಗೆ. ಆಮೇಲೆ ದೇವರು ಬಂದು ಬೇಡವೆಂದರೂ ಮಾತು ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ನನ್ನ ಇಡೀ ಜೀವ ಅವ್ವನ ಎರಡು ಕೈಯಲ್ಲಿತ್ತು. ಉಡಿ ತುಂಬುವ ಹಿಂದಿನ ದಿನ ನಾನು ಅವಳ ಕಾಲು ಹಿಡಿದು ಅತ್ತೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಗದ್ದ ಎತ್ತಿ ನೋಡಿದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುದಿನ ಮನೆಯಲ್ಲಿ ಹೋಳಿಗೆಯ ವಾಸನೆ. ಗಂಡಿನ ಕಡೆಯ ಹಿರಿಯಳು ಅಜ್ಜಿಯೇ. ಹೊಸ ಇಳಕಲ್ ಸೀರೆ ಉಟ್ಟು, ಉಡಿಯ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಅವ್ವನನ್ನು ಕರೆಯಲು ಒಳಗೆ ಹೋದರೆ ಅವ್ವ ಇಲ್ಲ. ಮೊಬೈಲು ಗೂಡಿನಲ್ಲಿತ್ತು. ಅಜ್ಜಿಯ ಮನೆಯಲ್ಲಿಲ್ಲ, ಖಾನಾವಳಿಯಲ್ಲಿಲ್ಲ, ಹಿಟ್ಟಿನ ಗಿರಣಿಯಲ್ಲಿಲ್ಲ, ದುರ್ಗಮ್ಮನ ಗುಡಿಯಲ್ಲೂ ಇಲ್ಲ. ಅಷ್ಟಕ್ಕೆ ಹುಡುಕುವ ಜಾಗಗಳು ಮುಗಿದವು. ನಲವತ್ತು ದಾಟಿದ ಹೆಂಗಸು ಹೋಗಬಹುದಾದ ಜಾಗ ಊರಲ್ಲಿ ಇಷ್ಟೇ ಎಂದು ನನಗೆ ಅವತ್ತು ಗೊತ್ತಾಯಿತು. ಅಪ್ಪ ಬಾವಿಯ ಕಡೆ ಓಡಿದ.

ನಾನು ರಸ್ತೆಗೆ ಬಂದೆ. ಖಾನಾವಳಿಯ ಎದುರು ಚಹಾದ ಬಂಡಿ ಇಟ್ಟುಕೊಂಡಿರುವ ಮಹಮ್ಮದಸಾಬ ಕರೆದ.

"ನಿಮ್ಮವ್ವನ್ನ ಹುಡುಕಾಕತ್ತೀಯೇನು ಬೇಟಿ? ಮುಂಜಾನೆ ನನಗ ಶಾಸನದ ದಾರಿ ಕೇಳಿದ್ಲು. ಬೇವಿನ ಗಿಡ ದಾಟಿದ ಮ್ಯಾಲ ಹೆಂಗ ಹೋಗೂದು ಅಂತ. ಯಾರೋ ಗಿರಾಕಿ ಕೇಳ್ಯಾರ ಅಂತ ತಿಳದು ಹೇಳಿದೆ."

"ಯಾರಿಗೂ ಹೇಳಬ್ಯಾಡ ಚಾಚಾ" ಎಂದವಳೇ ಓಡಿದೆ. ಹೇಳಬೇಡವೆಂದು ಹೇಳಿ ಬಂದರೆ ಮಸ್ಕಿಯಲ್ಲಿ ಮಾತು ನಿಲ್ಲುತ್ತದೆ ಎಂದು ನಂಬಿದ ನಾನೂ ಮೂರ್ಖಳೇ.

ಅವ್ವ ಶಾಸನದ ಬಂಡೆಯ ಹತ್ತಿರ, ಕಬ್ಬಿಣದ ಜಾಲರಿಗೆ ಬೆನ್ನು ಕೊಟ್ಟು ಕೂತಿದ್ದಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು, ಗುಡಿಗೆ ಬಂದವಳ ಹಾಗೆ. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

"ಬಾ, ಕುಂದರು. ಗಾಳಿ ಎಷ್ಟು ಚೊಲೋ ಬೀಸತೈತಿ ನೋಡು."

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಅಲ್ಲಬೇ, ಅಲ್ಲಿ ಅಪ್ಪ ಬಾವಿ ಇಣಕಿ ನೋಡಾಕತ್ಯಾನ!"

"ನೋಡ್ಲಿ. ನಾ ಎಲ್ಲಿ ಹೋದ್ರೂ ನಮ್ಮ ಮಂದಿ ಮನೀನ ಸಿಗತಾವ. ಅದಕ್ಕ ಇಲ್ಲಿ ಬಂದೆ. ಇಲ್ಲಿ ನಮ್ಮವರು ಯಾರೂ ಇಲ್ಲ." ಅವಳು ಕೈ ಚಾಚಿ ಕೆಳಗೆ ತೋರಿಸಿದಳು. "ಅಕಾ ನಮ್ಮನಿ. ಅದು ತವರುಮನಿ. ಅದು ಖಾನಾವಳಿ. ಒಂದ ಅಂಗೈ ಅಡ್ಡ ಹಿಡದ್ರ ಎಲ್ಲಾ ಮುಚ್ಚಿ ಹೊಕ್ಕಾವ, ಮಮತಾ. ನಾ ಇಷ್ಟರಾಗ ಇದ್ನ್ಯಾ?"

ಅವಳು ಕಾಲುವೆಯ ಕಡೆಯ ಹಸಿರನ್ನು ನೋಡಿದಳು, ಆ ಕಡೆ ಏನು, ಈ ಕಡೆ ಯಾವ ಊರು ಎಂದು ಕೇಳಿದಳು. ನಾನು ಸಿಂಧನೂರಿನ ದಿಕ್ಕು ತೋರಿಸಿದೆ, ಲಿಂಗಸುಗೂರಿನ ದಿಕ್ಕು ತೋರಿಸಿದೆ. ಆಮೇಲೆ ಬೆನ್ನ ಹಿಂದಿನ ಅಕ್ಷರಗಳ ಕಡೆ ತಿರುಗಿ, "ಇದರಾಗ ಏನು ಬರದಾರ?" ಎಂದಳು.

ಕಾಲೇಜಿನಲ್ಲಿ ಕೇಳಿದ್ದು ನೆನಪಿತ್ತು. "ದೊಡ್ಡವರಷ್ಟ ಅಲ್ಲ, ಸಣ್ಣ ಮಂದಿನೂ ಮನಸ್ಸು ಮಾಡಿದ್ರ ಮ್ಯಾಲ ಏರಬಹುದು ಅಂತ."

"ಬರದು ಎಷ್ಟು ವರ್ಸ ಆತು?"

"ಎರಡು ಸಾವಿರದ ಮ್ಯಾಲ."

ಅವ್ವ ನಕ್ಕುಬಿಟ್ಟಳು. "ಇನ್ನೂ ನಮ್ಮ ಓಣಿಗೆ ಮುಟ್ಟಿಲ್ಲ ನೋಡು."

ಆ ನಗುವಿನಲ್ಲಿ ನನಗೆ ಧೈರ್ಯ ಬಂತು. ಅವಳು ನನ್ನ ಕೈ ಹಿಡಿದು, "ನಾ ನಿನ್ನ ಕೊಡಂಗಿಲ್ಲ. ಹೊತ್ತು ಮುಣುಗೂ ತನಕ ಇಲ್ಲೇ ಕುಂದ್ರತೀನಿ. ನಾಳೆ ಅಮಾಸಿ, ಉಡಿ ತುಂಬಂಗಿಲ್ಲ, ಆಮ್ಯಾಲ ಸುಗ್ಗಿ, ನಿನ್ನ ಮಾವ ಮಷೀನ್ ಹೊಡಕೊಂಡು ಹೊಕ್ಕಾನ. ಅಷ್ಟರಾಗ ನೀ ರಾಯಚೂರಿಗೆ ಹೋಗು" ಎಂದಳು. ಅವಳು ಅಷ್ಟೆಲ್ಲ ಲೆಕ್ಕ ಹಾಕಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನವ್ವನ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅಷ್ಟರಲ್ಲಿ ಕೆಳಗೆ ಆಟೋ ನಿಂತಿತು. ಅಜ್ಜಿ ಇಳಿದಳು. ಸಿದ್ದರಾಮ ಮಾವ ಅವಳ ರಟ್ಟೆ ಹಿಡಿದು ಅರ್ಧ ದಾರಿ ಹತ್ತಿಸಿದ. ನನ್ನನ್ನು ನೋಡಿ ಅಲ್ಲೇ ನಿಂತು ಬೇರೆ ಕಡೆ ಮುಖ ತಿರುಗಿಸಿದ. ಅವನನ್ನೂ ಯಾರೂ ಕೇಳಿರಲಿಲ್ಲ. ಅಜ್ಜಿ ಒಬ್ಬಳೇ ಮೊಣಕಾಲು ಒತ್ತಿಕೊಳ್ಳುತ್ತ, ಚೀಲ ಬಗಲಲ್ಲಿ ಅವಚಿಕೊಂಡು ಮೇಲೆ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವ್ವನ ಪಕ್ಕ ಕೂತು, ಉಸಿರು ಸುಧಾರಿಸಿಕೊಂಡು, ಅವಳ ಬೆನ್ನು ಸವರಿದಳು.

"ಕರೆವ್ವಾ, ನನಗ ಜೀವಾನ ಹೋದಂಗ ಆತಲ್ಲಬೇ. ಬಾವ್ಯಾಗ ಬಿದ್ದೀ ಅಂದ್ಕೊಂಡ್ನಿ."

"ಯವ್ವಾ, ನಾ ಉಡಿ ತುಂಬಿಸ್ಕೊಳ್ಳಂಗಿಲ್ಲ."

"ನಿನ್ನನ್ನ ನನ್ನ ತಮ್ಮಗ ಕೊಟ್ಟೆ, ದಿನಾ ಕಣ್ಣಿಗೆ ಬಿದ್ದಿ. ಇಕಿನೂ ಕಣ್ಣ ಮುಂದ ಇರ್ಲಿ ಅಂತೀನಿ, ತಪ್ಪೇನು? ದೂರ ಕೊಟ್ಟು ಹೆಣ್ಣುಮಕ್ಕಳ ಸುದ್ದಿ ಕೇಳೂದು ನನ್ನ ಕೈಲಿ ಆಗಂಗಿಲ್ಲ."

"ಕಣ್ಣ ಮುಂದ ಇದ್ದು ಏನ್ ಮಾಡ್ಲಿ ಯವ್ವಾ? ಇಲ್ಲಿ ತನಕ ಬರಾಕ ನನಗ ಇಷ್ಟು ವರ್ಸ ಬೇಕಾತು. ನಾ ಕೊಡಂಗಿಲ್ಲ."

ಅವ್ವ ಹೀಗೆ ತನ್ನ ತಾಯಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ನೆಲಕ್ಕೆ ಕೈಯೂರಿ ಎದ್ದು ನಿಂತಳು. ಅವಳು ಎದ್ದಳೆಂದು ಅವ್ವನೂ ಎದ್ದಳು, ಹಿರಿಯರು ನಿಂತಿರುವಾಗ ಅವಳು ಎಂದೂ ಕೂತವಳಲ್ಲ. ಅಜ್ಜಿ ಚೀಲದೊಳಗೆ ಕೈ ಹಾಕಿ, ಮುಷ್ಟಿ ತುಂಬ ಅಕ್ಕಿ ತೆಗೆದು, ಅವ್ವನ ಮುಂದೆ ಹಿಡಿದು, ಮುಷ್ಟಿ ಸಡಿಲಿಸಿದಳು.

ತಾಯಿ ಹಾಕಿದ ಅಕ್ಕಿ ನೆಲಕ್ಕೆ ಬೀಳಬಾರದು. ನಾಗರ ಪಂಚಮಿಗೆ, ದೀಪಾವಳಿಗೆ, ನಾನು ಹೊಟ್ಟೆಯಲ್ಲಿದ್ದಾಗ, ಎಷ್ಟು ಸಲ ಆ ಕೈಯಿಂದ ಅಕ್ಕಿ ಬಿದ್ದಿತ್ತೋ, ಅಷ್ಟೂ ಸಲ ಅವ್ವ ಸೆರಗು ಒಡ್ಡಿದ್ದಳು. ಅವತ್ತೂ ಅವಳ ಕೈಗಳು ಅವಳನ್ನು ಕೇಳಲಿಲ್ಲ. ಅಕ್ಕಿ ನೆಲ ಮುಟ್ಟುವ ಮೊದಲೇ ಸೆರಗು ಅಗಲವಾಗಿ ಚಾಚಿಕೊಂಡಿತ್ತು. ಅಕ್ಕಿ ಬಿದ್ದಮೇಲೆ ಅವ್ವ ತನ್ನ ಕೈಗಳನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸೆರಗು ಬಿಟ್ಟುಬಿಡು ಅವ್ವಾ ಎಂದು ಕೂಗಬೇಕೆನಿಸಿತು. ಅಜ್ಜಿ ಅಳುತ್ತಲೇ ಮತ್ತೊಂದು ಮುಷ್ಟಿ ಹಾಕಿದಳು, ಇನ್ನೊಂದು ಹಾಕಿದಳು, ಕೊಬ್ಬರಿ ಇಟ್ಟಳು, ಖಣ ಇಟ್ಟಳು. ಅವ್ವ ನಿಂತೇ ಇದ್ದಳು.

"ನಡೀರಿ, ಹೋಳಗಿ ಆರಾಕತ್ತಾವ" ಎಂದು ಅಜ್ಜಿ ಮುಂದೆ ಇಳಿದಳು. ಮಾವ ಎರಡು ಮೆಟ್ಟಿಲು ಹತ್ತಿ ಬಂದು ಅವಳ ಕೈ ಹಿಡಿದುಕೊಂಡ.

ಅವ್ವ ಇಳಿಯಲಾರದೆ ನಿಂತಳು. ಎರಡೂ ಕೈ ಉಡಿಯಲ್ಲಿ ಸಿಕ್ಕಿಕೊಂಡಿದ್ದವು, ಕಾಲ ಕೆಳಗಿನ ಮೆಟ್ಟಿಲು ಅವಳಿಗೆ ಕಾಣುತ್ತಿರಲಿಲ್ಲ. ನಾನು ಅವಳ ಚಪ್ಪಲಿ ತಂದು ಕಾಲ ಮುಂದಿಟ್ಟೆ. ಮೊಣಕೈ ಹಿಡಿದುಕೊಂಡೆ. "ಇಲ್ಲಿ ಇಡು ಅವ್ವಾ, ಇನ್ನೊಂದು ಐತಿ, ಸಾವಕಾಶ" ಎನ್ನುತ್ತ, ಒಂದು ಕಾಳೂ ಚೆಲ್ಲದ ಹಾಗೆ, ನಾನೇ ಅವಳನ್ನು ಕೆಳಗೆ ಇಳಿಸಿಕೊಂಡು ಬಂದೆ.